ಜ್ವಾಲೆ 3000 ಡಿಗ್ರಿ ಇದ್ದರೂ ಶಾಫ್ಟ್ ಯಾಕೆ ಕರಗುವುದಿಲ್ಲ?

ಸವೆದ ಶಾಫ್ಟ್ (ಯಂತ್ರದಲ್ಲಿ ತಿರುಗುವ ಉಕ್ಕಿನ ದಂಡ) ಮೇಲೆ, ಲೋಹವನ್ನು ಜ್ವಾಲೆಯಲ್ಲಿ ಕರಗಿಸಿ ಎರಚುವ ಫ್ಲೇಮ್ ಗನ್‌ನಿಂದ ಲೋಹ ಸ್ಪ್ರೇ ಮಾಡುವುದನ್ನು ನೋಡಿದ್ದೀರಿ. ಜ್ವಾಲೆಯ ಬಿಸಿ ಸುಮಾರು 3000 ಡಿಗ್ರಿ, ಉಕ್ಕು ಕರಗುವುದು 1500ರ ಆಸುಪಾಸಿನಲ್ಲಿ. ಆದರೂ ಶಾಫ್ಟ್ ಕರಗಲಿಲ್ಲ, ಬಾಗಲೂ ಇಲ್ಲ. ಮತ್ತೆ ಲೋಹ ಅಂಟಿದ್ದು ಹೇಗೆ ಅಂತ ಕೇಳಿದ್ದೀರಿ. ಪೀಣ್ಯದ ಒಂದು ಕೋಟಿಂಗ್ ಶಾಪ್‌ನಲ್ಲಿ ಹನ್ನೊಂದು ವರ್ಷ ಈ ಗನ್ ಹಿಡಿದಿದ್ದೇನೆ. ಮೊದಲ ದಿನ ನನಗೂ ಇದೇ ಪ್ರಶ್ನೆ ಬಂದಿತ್ತು.

ದೀಪಾವಳಿಯ ಸುರ್‌ಸುರ್ ಬತ್ತಿಯ ಕಿಡಿ ಕೈ ಮೇಲೆ ಬಿದ್ದರೆ ಚುರ್ ಅನ್ನುತ್ತದೆ, ಅಷ್ಟೇ ಅಲ್ವಾ? ಕಿಡಿ ಕೆಂಪಗೆ ಕಾದಿದ್ದರೂ ಬೊಬ್ಬೆ ಏಳುವಷ್ಟು ಶಾಖ ಅದರಲ್ಲಿ ಇರುವುದಿಲ್ಲ. ಸ್ಪ್ರೇಯಲ್ಲೂ ಹಾಗೇ. 40 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ) ದಪ್ಪದ ಉಕ್ಕಿನ ಕಣಗಳು 1 ಗ್ರಾಂಗೆ ಸುಮಾರು 38 ಲಕ್ಷ ಬರುತ್ತವೆ. ಕರಗಿದ ಒಂದೊಂದು ಕಣವೂ ತಣ್ಣಗಿನ ಶಾಫ್ಟ್‌ಗೆ ಬಡಿದು, ಕೆಲವೇ ಮೈಕ್ರಾನ್ ದಪ್ಪದ ಬಿಲ್ಲೆಯಾಗಿ ಹರಡಿ, ಅಲ್ಲೇ ಗಟ್ಟಿಯಾಗುತ್ತದೆ. ಇದೆಲ್ಲ ಮೈಕ್ರೋಸೆಕೆಂಡುಗಳ ಕೆಲಸ. ಅದೇ ಜಾಗಕ್ಕೆ ಮುಂದಿನ ಹನಿ ಬರುವ ಹೊತ್ತಿಗೆ ಹಿಂದಿನದು ಗಟ್ಟಿಯಾಗಿರುತ್ತದೆ. ಶಾಫ್ಟ್ ತಿರುಗುತ್ತಿರುತ್ತದೆ, ಗನ್ ಸರಿಯುತ್ತಿರುತ್ತದೆ. ಹೀಗಾಗಿ ಸಾಮಾನ್ಯವಾಗಿ ಶಾಫ್ಟ್ 150 ಡಿಗ್ರಿ ದಾಟುವುದಿಲ್ಲ.

ಇನ್ನು ಅಂಟುವ ವಿಷಯ. ಇದು ವೆಲ್ಡಿಂಗ್ ಅಲ್ಲ. ಗಾರೆ ಕೆಲಸದವರು ನುಣುಪಾದ ಕಾಂಕ್ರೀಟ್ ಕಂಬಕ್ಕೆ ಪ್ಲಾಸ್ಟರ್ ಮಾಡುವ ಮೊದಲು ಉಳಿಯಿಂದ ಕಚ್ಚು ಹಾಕುತ್ತಾರಲ್ಲ, ಆ ಕೆಲಸವನ್ನು ಇಲ್ಲಿ ಅಲ್ಯೂಮಿನಾ ಗ್ರಿಟ್ ಅನ್ನುವ ಗಟ್ಟಿ, ಒರಟು ಕಾಳುಗಳು ಮಾಡುತ್ತವೆ. ಅವನ್ನು ಗಾಳಿಯ ಒತ್ತಡದಲ್ಲಿ ಶಾಫ್ಟ್ ಮೇಲೆ ಎರಚುವುದೇ ಬ್ಲಾಸ್ಟಿಂಗ್. ಬ್ಲಾಸ್ಟಿಂಗ್ ಆದ ಮೇಲ್ಮೈಯಲ್ಲಿ ಸಣ್ಣ ಸಣ್ಣ ಏರುತಗ್ಗು ಎದ್ದಿರುತ್ತವೆ. ಹನಿ ಅವುಗಳ ಸಂದಿಗೆ ನುಗ್ಗಿ, ತಣಿಯುವಾಗ ಕುಗ್ಗಿ, ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ಮಳೆಗಾಲದ ಸಂಜೆ ಪಂಪ್ ಶಾಫ್ಟ್ ಬ್ಲಾಸ್ಟ್ ಮಾಡಿ, ಬಟ್ಟೆ ಮುಚ್ಚಿ ಮನೆಗೆ ಹೋದೆ. ಬೆಳಿಗ್ಗೆ ಬಂದು ಸ್ಪ್ರೇ ಮಾಡಿದೆ. ಗ್ರೈಂಡಿಂಗ್‌ಗೆ ಹಾಕಿದ ಕೂಡಲೇ ಕೋಟಿಂಗ್ ಚಕ್ಕೆಚಕ್ಕೆಯಾಗಿ ಎದ್ದು ಬಂತು. ಕಣ್ಣಿಗೆ ತುಕ್ಕು ಕಂಡಿರಲಿಲ್ಲ, ಆದರೆ ತೇವ ರಾತ್ರಿಯೆಲ್ಲ ತನ್ನ ಕೆಲಸ ಮಾಡಿತ್ತು. ಆಮೇಲೆ ಬ್ಲಾಸ್ಟ್ ಆದ ತಕ್ಷಣವೇ ಸ್ಪ್ರೇ, ಬರಿಗೈಲಿ ಮುಟ್ಟುವಂತೆಯೂ ಇಲ್ಲ.

ಬಿಸಿಗಿಂತ ವೇಗವನ್ನೇ ಜಾಸ್ತಿ ನಂಬುವ ವಿಧಾನಗಳೂ ಇವೆ. ಫ್ಲೇಮ್ ಗನ್‌ನಲ್ಲಿ ಕಣದ ವೇಗ ಸೆಕೆಂಡಿಗೆ ಸುಮಾರು 100 ಮೀಟರ್ ಒಳಗೆ. ಎಚ್‌ವಿಒಎಫ್‌ನಲ್ಲಿ (ಇಂಧನ, ಆಮ್ಲಜನಕ ಉರಿಸಿ ಬರುವ ಅತಿ ವೇಗದ ಅನಿಲದಿಂದ ಪುಡಿ ಎರಚುವ ವಿಧಾನ) 500ರಿಂದ 800, ಅಂದರೆ ಗಾಳಿಯಲ್ಲಿ ಶಬ್ದ ಹೋಗುವುದಕ್ಕಿಂತ ಜೋರು. ಟಂಗ್‌ಸ್ಟನ್ ಕಾರ್ಬೈಡ್ ಅನ್ನುವ ತುಂಬಾ ಗಟ್ಟಿ ವಸ್ತುವಿನ ಪುಡಿಗೆ ಇದೇ ಸರಿ. ಅದನ್ನು ಅತಿಯಾಗಿ ಕಾಯಿಸಿದರೆ ಇಂಗಾಲ ಕಳೆದುಕೊಂಡು ಪೆಡಸಾಗುತ್ತದೆ. ಹಿಮಾಚಲದ ನಾಥ್ಪಾ ಝಾಕ್ರಿ ಜಲವಿದ್ಯುತ್ ಕೇಂದ್ರದಲ್ಲಿ ಸಟ್ಲೆಜ್ ನದಿಯ ಕ್ವಾರ್ಟ್ಜ್ ಮರಳು ಟರ್ಬೈನ್ ಭಾಗಗಳನ್ನು ಉಜ್ಜಿ ತಿನ್ನುತ್ತದೆ. ಅವಕ್ಕೆ ಹಾಕುವುದು ಇಂಥ ಕೋಟಿಂಗನ್ನೇ.

ನನಗೆ ತುಂಬಾ ಇಷ್ಟ ಕೋಲ್ಡ್ ಸ್ಪ್ರೇ, ಅಂದರೆ ಲೋಹದ ಪುಡಿಯನ್ನು ಕರಗಿಸದೆ ಬರೀ ವೇಗದಿಂದ ಬಡಿದು ಅಂಟಿಸುವುದು. 1980ರ ದಶಕದಲ್ಲಿ ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ಹುಟ್ಟಿದ್ದು. ಸುಮ್ನೆ ಲೆಕ್ಕ ಹಾಕಿ ನೋಡಿ: ತಾಮ್ರದ ಕಣ ಸೆಕೆಂಡಿಗೆ 600 ಮೀಟರ್ ವೇಗದಲ್ಲಿ ಬಡಿದರೆ ಕಿಲೋಗೆ 180 ಕಿಲೋಜೂಲ್ ಶಕ್ತಿ. ಅಷ್ಟೂ ಶಾಖವಾದರೂ ಬಿಸಿ ಏರುವುದು ಸುಮಾರು 450 ಡಿಗ್ರಿ. ತಾಮ್ರ ಕರಗಲು 1085 ಡಿಗ್ರಿ ಬೇಕು. ಕರಗದೆಯೇ ಅಂಟುತ್ತದೆ! ಬಡಿದ ರಭಸಕ್ಕೆ ಕಣ ಅಪ್ಪಚ್ಚಿಯಾಗಿ, ಮೇಲಿನ ಆಕ್ಸೈಡ್ ಪೊರೆ ಒಡೆದು, ಶುದ್ಧ ಲೋಹಕ್ಕೆ ಶುದ್ಧ ಲೋಹ ತಾಗುತ್ತದೆ.

ನಿಮ್ಮ ಶಾಫ್ಟ್ ವಿಷಯಕ್ಕೆ ಬಂದರೆ, ಸ್ಪ್ರೇ ಮಾಡುವವರ ಹತ್ತಿರ ಎಷ್ಟು ದಪ್ಪ ಹಾಕುತ್ತಾರೆ ಅಂತ ಕೇಳಿ. ಪ್ರತಿ ಪದರವೂ ತಣಿಯುವಾಗ ಕುಗ್ಗಲು ನೋಡುತ್ತದೆ, ಕೆಳಗಿನದು ಬಿಡುವುದಿಲ್ಲ. ಆ ಎಳೆತ ಕೂಡುತ್ತಾ ಹೋಗುತ್ತದೆ. ಜಾಸ್ತಿ ದಪ್ಪವಾದರೆ ಮೊದಲು ಬಿಡುವುದು ಅಂಚು, ಅಲ್ಲೇ ಕಣ್ಣಿಟ್ಟು ನೋಡಿ.