ಮಡಿಕೇರಿಯ ಪಿಯುಸಿ ವಿದ್ಯಾರ್ಥಿನಿಯ ಪ್ರಶ್ನೆ: ಚಿತ್ರ ಬಿಡಿಸುವ ಆಸೆ ವೃತ್ತಿಯಾಗಬಲ್ಲದೇ ಎಂದು ತಿಳಿಯಲು ಗುರು ಹೇಗೆ ನೆರವಾಗುತ್ತಾರೆ?

ಒಳ್ಳೆಯ ಗುರು ಹೊಗಳುವ ಮೊದಲು ಗಮನಿಸುತ್ತಾರೆ. ಮೂರು ತಿಂಗಳು, ದಿನಕ್ಕೆ ಅರ್ಧ ಗಂಟೆ, ದಿನಾಂಕ ಹಾಕಿ ಒಂದೇ ಪುಸ್ತಕದಲ್ಲಿ ಬಿಡಿಸಲು ಹೇಳುತ್ತಾರೆ. ಕೆಟ್ಟ ಪುಟವನ್ನೂ ಹರಿಯುವಂತಿಲ್ಲ. ಫೋಟೋ ನಕಲು ಲೆಕ್ಕಕ್ಕಿಲ್ಲ. ಸಂತೆ, ಕಾಫಿ ಒಣಗಿಸುವ ಕಣ, ಮಳೆಯಲ್ಲಿ ನೆನೆದ ಹೆಂಚಿನ ಮಾಡು, ಎಲ್ಲವನ್ನೂ ಎದುರು ಕೂತು ನೋಡಿಯೇ ಬಿಡಿಸಬೇಕು. ಆಮೇಲೆ ಪುಟ ತಿರುವಿದರೆ ಯಾರೂ ಹೇಳದೆಯೇ ಮತ್ತೆ ಮತ್ತೆ ಬಂದಿರುವುದು ಕಣ್ಣಿಗೆ ಬೀಳುತ್ತದೆ. ಮುಖ, ಭಂಗಿಗಳೇ ತುಂಬಿದ್ದರೆ ಒಲವು ಪುಸ್ತಕಚಿತ್ರ, ಅನಿಮೇಷನ್ ಕಡೆಗೆ; ಜಾಗ, ಬೆಳಕು ಹೆಚ್ಚಿದ್ದರೆ ರಂಗಸಜ್ಜಿಕೆಯ ಕಡೆಗೆ. ನನ್ನ ಪ್ರಕಾರ ಯಾವ ಪ್ರತಿಭಾ ಪರೀಕ್ಷೆಗಿಂತಲೂ ಇದು ನಂಬಿಕಸ್ಥ ಸುಳಿವು.

ಮುಂದೆ ಕೆಲಸದ ರುಚಿ ನೋಡಬೇಕು. ಮಡಿಕೇರಿ ದಸರಾದ ದಶಮಂಟಪಗಳ (ಹತ್ತು ದೇವಾಲಯಗಳು ಮೆರವಣಿಗೆಗೆ ಸಜ್ಜುಗೊಳಿಸುವ ಪೌರಾಣಿಕ ದೃಶ್ಯಗಳ ಮಂಟಪಗಳು) ತಯಾರಿಯಲ್ಲಿ ಒಂದು ವಾರ ಕೈಜೋಡಿಸಿ: ಮೂರ್ತಿ, ಬೆಳಕು, ಚಲನೆ, ಗಡುವು ಎಲ್ಲವೂ ಅಲ್ಲಿವೆ. ಗಡುವಿನ ಒತ್ತಡದಲ್ಲೂ ಆಸಕ್ತಿ ಉಳಿದರೆ ಅದು ವೃತ್ತಿಗೆ ಒದಗುತ್ತದೆ.

ಹೆಚ್ಚಿನವರು ಎಡವುವುದು ಗುರುವಿನ ಶೈಲಿಯನ್ನೇ ಅನುಕರಿಸಿ. ಅದಕ್ಕೇ ತಿಂಗಳಿಗೊಮ್ಮೆ ಇನ್ನೊಬ್ಬ ಕಲಾವಿದರಿಗೂ ಪುಸ್ತಕ ತೋರಿಸಿ. ಮೈಸೂರಿನ ಕಾವಾದಂಥ ದೃಶ್ಯಕಲಾ ಕಾಲೇಜಿಗೆ ಹೋಗುವ ಯೋಚನೆಯಿದ್ದರೆ ಹದಿನೈದು ಚಿತ್ರ ಆರಿಸಿ, ಕರಡುಗಳನ್ನೂ ಜೊತೆಗಿಡಿ.