ಅಕ್ಕೋರನ್ನು ಕೇಳಿ: ಹರಿವೆ ಸೊಪ್ಪಿಗೂ ಸರ್ಕಾರದ ದುಡ್ಡು ಸಿಗುತ್ತದಾ?

ಪ್ರಶ್ನೆ: ಅಕ್ಕೋರೆ, ನಮ್ಮದು ಕುಮಟಾ ಹತ್ತಿರದ ಊರು. ಸ್ವಸಹಾಯ ಸಂಘದಲ್ಲಿ ಹನ್ನೆರಡು ಹೆಂಗಸರಿದ್ದೇವೆ. ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಹರಿವೆ, ಮೂಲಂಗಿ, ಬೆಂಡೆ, ಮೊಗೆಕಾಯಿ ಬೆಳೆಯುತ್ತೇವೆ. ಫೆಬ್ರವರಿಯಲ್ಲಿ ಎಲ್ಲರದ್ದೂ ಒಟ್ಟಿಗೇ ಬಂದು ಸಂತೆಯಲ್ಲಿ ಕೇಳುವವರೇ ಇರುವುದಿಲ್ಲ. ನನ್ನ ತಂಗಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿದ್ದಾಳೆ. ಅಲ್ಲಿ ಬಡವರಿಗೆ ಪುಕ್ಕಟೆ ದಿನಸಿ ಕೊಡುವ ಫುಡ್ ಪ್ಯಾಂಟ್ರಿ ಅಂತ ಇದೆಯಂತೆ. ಶನಿವಾರ ಅವಳೂ ಅಲ್ಲಿ ಸೇವೆಗೆ ಹೋಗುತ್ತಾಳೆ. ಸುತ್ತಲಿನ ರೈತರ ತಾಜಾ ತರಕಾರಿ ಕೊಳ್ಳಲು ಸರ್ಕಾರವೇ ಹಣ ಕೊಡುತ್ತದಂತೆ. ನಮ್ಮಲ್ಲೂ ಅಂಥದ್ದು ಇದೆಯಾ? ಯಾವ ಆಫೀಸಿಗೆ ಅರ್ಜಿ ಹಾಕಬೇಕು?

ಉತ್ತರ: ತಂಗೀ, ಅರ್ಜಿ ಆಮೇಲೆ. ಮೊದಲು ಅಲ್ಲಿ ಏನು ನಡೆಯುತ್ತದೆ ನೋಡೋಣ.

ಅಲ್ಲಿನ ಪ್ಯಾಂಟ್ರಿಗಳನ್ನು ಹೆಚ್ಚಾಗಿ ನಡೆಸುವುದು ಚರ್ಚು, ಸಂಘ–ಸಂಸ್ಥೆಗಳು. ಅವಕ್ಕೆ ಸಾಮಾನು ಕೊಡುವ ದೊಡ್ಡ ಗೋದಾಮು ಬೇರೆ, ಅದನ್ನು ಫುಡ್ ಬ್ಯಾಂಕ್ ಅನ್ನುತ್ತಾರೆ. ಅಂಥ ಮೊದಲನೆಯದು 1967ರಲ್ಲಿ ಅರಿಝೋನಾದ ಫೀನಿಕ್ಸ್ ನಗರದಲ್ಲಿ ಶುರುವಾಯಿತು. ಬಹಳ ಕಾಲ ಅಲ್ಲಿ ಸಿಗುತ್ತಿದ್ದುದರಲ್ಲಿ ಡಬ್ಬಿ ಸಾಮಾನೇ ಜಾಸ್ತಿ. ದಾನ ಬರುವುದೂ ಅದೇ, ಕೆಡದೆ ಉಳಿಯುವುದೂ ಅದೇ. ಸೊಪ್ಪು ಕೊಡಬೇಕು ಅಂದರೆ ತಂಪು ಕೋಣೆ ಬೇಕು, ಗಾಡಿ ಬೇಕು, ಅದೇ ದಿನ ಹಂಚಲು ಜನ ಬೇಕು.

ನಿನ್ನ ತಂಗಿ ಇರುವ ರಾಜ್ಯದಲ್ಲಿ ‘ನರಿಶ್ ನ್ಯೂಯಾರ್ಕ್’ ಅಂತ ಒಂದು ಯೋಜನೆ ಇದೆ. ಕೊರೋನಾ ಬಂದ 2020ರಲ್ಲಿ ಹುಟ್ಟಿದ್ದು. ಹೋಟೆಲು, ಶಾಲೆ ಮುಚ್ಚಿ ಒಂದು ಕಡೆ ರೈತರು ಹಾಲು ಚೆಲ್ಲುತ್ತಿದ್ದರು, ಇನ್ನೊಂದು ಕಡೆ ಊಟದ ಸಾಮಾನಿಗೆ ಜನ ಸಾಲು ನಿಂತಿದ್ದರು. ಆಗ ರಾಜ್ಯ ಸರ್ಕಾರ ಫುಡ್ ಬ್ಯಾಂಕುಗಳ ಕೈಗೆ ಹಣ ಕೊಟ್ಟು, ಅದೇ ರಾಜ್ಯದ ರೈತರಿಂದ ಕೊಂಡುಕೊಳ್ಳಿ ಅಂದಿತು. 2021ರ ನವೆಂಬರಿನಲ್ಲಿ ಅದು ಕಾನೂನೇ ಆಯಿತು.

ಕೇಂದ್ರದ್ದು ಬೇರೆ ಕಥೆ. 2021ರ ಡಿಸೆಂಬರಿನಲ್ಲಿ ಅಲ್ಲಿನ ಕೃಷಿ ಇಲಾಖೆ ಇದೇ ಥರದ ಖರೀದಿಗೆ 40 ಕೋಟಿ ಡಾಲರ್‌ವರೆಗೆ ಘೋಷಿಸಿತು. ರಾಜ್ಯಗಳಿಗೂ ಮೂಲನಿವಾಸಿ ಸಮುದಾಯಗಳ ಆಡಳಿತಗಳಿಗೂ ಹಣ ಹೋಯಿತು. ಅದೇ ರಾಜ್ಯದೊಳಗೆ ಅಥವಾ 400 ಮೈಲಿಯೊಳಗೆ ಬೆಳೆದದ್ದು ಸ್ಥಳೀಯ ಅಂತ ಲೆಕ್ಕ. ಅಂದರೆ ಸುಮಾರು 640 ಕಿಲೋಮೀಟರು. ಕುಮಟಾದಿಂದ ಹೊರಟು ಬೆಂಗಳೂರು ದಾಟಿದರೂ ಅವರ ಪ್ರಕಾರ ನೆರೆಮನೆಯೇ! ಇರಲಿ, ಅವರ ದೇಶ ದೊಡ್ಡದು. ಆದರೆ 2025ರ ಮಾರ್ಚಿನಲ್ಲಿ ಮುಂದಿನ ಕಂತನ್ನು ರದ್ದು ಮಾಡಿದರು. ಆ ಖರೀದಿಯನ್ನು ನಂಬಿ ಬೆಳೆ ಯೋಜಿಸಿದ್ದ ಸಣ್ಣ ರೈತರು ಬೇರೆ ಗಿರಾಕಿ ಹುಡುಕಬೇಕಾಯಿತು.

ಈಗ ನಿನ್ನ ಗದ್ದೆಗೆ ಬರೋಣ. ಪ್ಯಾಂಟ್ರಿಗೆ ತರಕಾರಿ ಕೊಳ್ಳುವ ಅನುದಾನ ನಮ್ಮಲ್ಲಿಲ್ಲ, ಏಕೆಂದರೆ ಪ್ಯಾಂಟ್ರಿಯೇ ಇಲ್ಲ. ತರಕಾರಿಗೆ ಸರ್ಕಾರದ ದುಡ್ಡು ಮಾತ್ರ ಇದೆ. ಅದು ನಿನ್ನೂರಿನ ಶಾಲೆಯ ಅಡುಗೆಮನೆಗೇ ಬರುತ್ತಿದೆ. ನಾನು ಮುಖ್ಯಾಧ್ಯಾಪಕಿಯಾಗಿ ಅಕ್ಷರ ದಾಸೋಹದ ಪುಸ್ತಕ ಬರೆದವಳು, ಹಾಗಾಗಿ ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ.

ಬಿಸಿಯೂಟದ ನಿಯಮದಲ್ಲಿ ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ. ಆರರಿಂದ ಎಂಟಕ್ಕೆ 75 ಗ್ರಾಂ. ಚಿಕ್ಕವರು ನಲವತ್ತು, ದೊಡ್ಡವರು ಮೂವತ್ತು ಇರುವ ಶಾಲೆಗೆ ದಿನಕ್ಕೆ ನಾಲ್ಕೂಕಾಲು ಕಿಲೋ ಆಯಿತು. ಅಂಥ ಐದು ಶಾಲೆ ಹಿಡಿದರೆ ಇಪ್ಪತ್ತೊಂದು ಕಿಲೋ ದಾಟುತ್ತದೆ. ಇದು ದಿನದ ಲೆಕ್ಕ, ನೆನಪಿರಲಿ. ಸಂತೆ ವಾರಕ್ಕೊಂದೇ ಸಲ.

ರೇಟು ಮಾತ್ರ ಮೊದಲೇ ತಿಳಿದುಕೊ. 2025ರ ಮೇ 1ರಿಂದ ಕೇಂದ್ರ ನಿಗದಿ ಮಾಡಿದ ಸಾಮಗ್ರಿ ವೆಚ್ಚ ಚಿಕ್ಕ ಮಗುವಿಗೆ 6.78 ರೂಪಾಯಿ, ದೊಡ್ಡ ಮಗುವಿಗೆ 10.17. ಬೇಳೆ, ಎಣ್ಣೆ, ಮಸಾಲೆ, ಉರುವಲು, ತರಕಾರಿ ಎಲ್ಲವೂ ಅದರಲ್ಲೇ. ಹಾಗಾಗಿ ಬೀನ್ಸಿನ ಬೆಲೆ ಕೇಳಿದರೆ ಯಾವ ಶಾಲೆಯೂ ನಿನ್ನ ಹತ್ತಿರ ಬರುವುದಿಲ್ಲ. ಮೊಗೆಕಾಯಿ, ಸಿಹಿಗುಂಬಳ, ಹರಿವೆ, ಬಸಳೆ, ಮೂಲಂಗಿ: ಇವು ಈ ಲೆಕ್ಕದಲ್ಲಿ ಕೂರುತ್ತವೆ.

ಮೊದಲು ಮಾತಾಡಬೇಕಾದ್ದು ಯಾವ ಸಾಹೇಬರ ಹತ್ತಿರವೂ ಅಲ್ಲ, ಅಡುಗೆಯಮ್ಮನ ಹತ್ತಿರ. ಬೆಳಿಗ್ಗೆ ಒಂಬತ್ತೂವರೆಯೊಳಗೆ ತರಕಾರಿ ಬಾಗಿಲಲ್ಲಿ ಇರಬೇಕು. ಹನ್ನೊಂದಕ್ಕೆ ತಂದರೆ ಅವಳು ಮುಖ ಸಹ ನೋಡುವುದಿಲ್ಲ, ಅದು ಸರಿಯೇ. ಹರಿವೆಯ ಬೇರಿನ ಮಣ್ಣು ತೊಳೆದಿರಬೇಕು. ಇಬ್ಬರೇ ಕೈಯಲ್ಲಿ ಎಪ್ಪತ್ತು ಜನಕ್ಕೆ ಸೊಪ್ಪು ಹೆಚ್ಚುವುದು ಅಂದರೆ ಸುಮ್ನೆ ಆಯ್ತಾ? ಬೆಂಡೆ ಬಲಿತಿರಬಾರದು. ಹಾಗಲಕಾಯಿ ಒಯ್ಯಲೇ ಬೇಡಿ, ಮಕ್ಕಳು ತಟ್ಟೆಯ ಅಂಚಿಗೆ ತಳ್ಳಿ ಏಳುತ್ತಾರೆ.

ಆಮೇಲೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆ. ಸೋಮವಾರ ಇಷ್ಟು, ಗುರುವಾರ ಇಷ್ಟು, ಕಿಲೋಗೆ ಇಷ್ಟು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ನಿಮ್ಮ ಹತ್ತಿರ ಸಂತೆಯವರ ಹತ್ತಿರ ಇಲ್ಲದ ಒಂದು ವಸ್ತು ಇದೆ. ಬಿಲ್ಲು! ಸಂಘದ ಹೆಸರು, ಬ್ಯಾಂಕ್ ಖಾತೆ, ಸಹಿ ಇರುವ ಬಿಲ್ಲು. ಆಡಿಟ್ಟಿನವರು ಬಂದಾಗ ಮಾಸ್ತರರ ಅರ್ಧ ತಲೆನೋವು ಇದರಿಂದ ಹೋಗುತ್ತದೆ. ಹಣ ಬರುವುದು ತಡವಾಗಬಹುದು. ಒಂದೆರಡು ತಿಂಗಳು ತಡೆದುಕೊಳ್ಳುವಷ್ಟು ಸಂಘದಲ್ಲಿ ಇಟ್ಟುಕೊಂಡೇ ಶುರು ಮಾಡಿ.

ನಿಜವಾದ ಕಷ್ಟ ಋತುವಿನದ್ದು. ನಿಮ್ಮ ಗದ್ದೆ ತುಂಬುವುದು ಜನವರಿಯಿಂದ ಮಾರ್ಚಿಗೆ. ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗೆ ರಜೆ. ಮತ್ತೆ ಬಾಗಿಲು ತೆಗೆಯುವಾಗ ಮಳೆ, ಗದ್ದೆಯಲ್ಲಿ ಭತ್ತ, ಎಲ್ಲರೂ ಹುಬ್ಬಳ್ಳಿ ಕಡೆಯ ತರಕಾರಿಗೆ ಕಾಯುವ ಕಾಲ. ಘಟ್ಟದಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. ನಮ್ಮ ಅಜ್ಜಿಯಂದಿರು ಇದಕ್ಕೆ ಮಾಡುತ್ತಿದ್ದುದು ಗೊತ್ತಲ್ವಾ? ಬಲಿತ ಮೊಗೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕುವುದು. ಕರೆಂಟು ಬೇಡ, ಫ್ರಿಜ್ಜು ಬೇಡ, ಮಳೆಗಾಲ ಕಳೆಯುತ್ತದೆ. ಹನ್ನೆರಡು ಮನೆಯ ಜಂತಿ ಅಂದರೆ ಸಣ್ಣ ಗೋದಾಮೇ ಸೈ. ಫೆಬ್ರವರಿಯ ಹರಿವೆಯನ್ನು ಕಡಿಮೆ ಮಾಡಿ ಮೊಗೆ, ಸಿಹಿಗುಂಬಳ ಹೆಚ್ಚಿಸಿ. ಜೂನಿನಲ್ಲಿ ನಿಮ್ಮದೇ ರಾಜ್ಯ. ಹಿತ್ತಲಿನ ಎತ್ತರದ ಜಾಗದಲ್ಲಿ ಹೀರೆ, ಅಲಸಂದೆ, ಕೆಸು ಮಳೆಗಾಲದಲ್ಲೂ ಬರುತ್ತವೆ.

ಕೊನೆಗೆ ಅರ್ಜಿ. ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಿಂದ ಸಿಗುವ ಸಮುದಾಯ ಬಂಡವಾಳ ನಿಧಿ ಅಂದರೆ ಸಾಲ, ಮರಳಿ ಕಟ್ಟಬೇಕು. 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆ ಇದ್ದದ್ದು ಹಪ್ಪಳ, ಉಪ್ಪಿನಕಾಯಿ ಥರದ ಸಂಸ್ಕರಣೆಗೆ, ಹಸಿ ಸೊಪ್ಪಿಗೆ ಅಲ್ಲ. ಕೇಳುವುದಾದರೆ ಪಂಚಾಯತಿಯಲ್ಲಿ ತಕ್ಕಡಿ, ಕ್ರೇಟು, ರಿಕ್ಷಾ ಬಾಡಿಗೆಗೆ ಸಹಾಯ ಕೇಳಿ. ತರಕಾರಿಯ ಬೆಲೆಯನ್ನು ಕೊಳ್ಳುವವರೇ ಕೊಡಲಿ. ಆಗ ಅನುದಾನ ನಿಂತ ವರ್ಷವೂ ಗಿರಾಕಿ ಉಳಿಯುತ್ತಾರೆ.

ಪ್ರಶ್ನೆ: ನಮ್ಮದು ಶಿರಸಿ ಕಡೆ ಅಡಿಕೆ ತೋಟ. ಬಾಳೆ, ಸುವರ್ಣಗಡ್ಡೆ ಮನೆಗೆ ಮಿಕ್ಕಿ ಉಳಿಯುತ್ತದೆ. ಊರಿನ ಬಡವರಿಗೆ ಪುಕ್ಕಟೆ ಕೊಡಲು ಲೈಸೆನ್ಸ್ ಬೇಕೇ? ಎಲ್ಲಿ ಇಡುವುದು?
ಓದುಗರೊಬ್ಬರು, ಶಿರಸಿ ತಾಲೂಕು

ಉತ್ತರ: ನೀವು ಬೆಳೆದದ್ದಕ್ಕೆ ಬೇಡ ಹೆಗಡೇರೆ (ಹೆಸರು ಬರೆದಿಲ್ಲ, ಅಕ್ಷರ ನೋಡಿ ಊಹಿಸಿದೆ). 2006ರ ಆಹಾರ ಸುರಕ್ಷತಾ ಕಾಯ್ದೆ ರೈತರಿಗೂ ಅವರ ಬೆಳೆಗೂ ಅನ್ವಯಿಸುವುದಿಲ್ಲ. ಬೇಯಿಸಿ ಹಂಚುವುದು ಬೇರೆ ವಿಷಯ. ಜಾಗ ಕೇಳಿದ್ದೀರಿ: ರೇಷನ್ ಅಂಗಡಿಯ ಕಟ್ಟೆ ಮೇಲೆ ಬುಟ್ಟಿ ಇಡಬೇಡಿ. ನಾಲ್ಕು ಜನರ ಎದುರು ಪುಕ್ಕಟೆ ಗೊನೆಗೆ ಕೈಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಅಂಗನವಾಡಿಗೆ ಕೊಡಿ. ಗರ್ಭಿಣಿಯರಿಗೆ, ಬಾಣಂತಿಯರಿಗೆ 2017ರಿಂದ ಮಾತೃಪೂರ್ಣದ ಊಟ ಇದೆ, ಬಾಳೆಹಣ್ಣು ಅಲ್ಲಿ ಸಲ್ಲುತ್ತದೆ. ಮೊಮ್ಮಗಳ ಹುಟ್ಟಿದ ದಿನ ಶಾಲೆಯ ಊಟಕ್ಕೆ ಏನಾದರೂ ಸೇರಿಸಲು ತಿಥಿ ಭೋಜನ ಅನ್ನುವ ಅವಕಾಶವೂ ಇದೆ. ಫೋಟೋ ಮಾತ್ರ ಬೇಡ. ಮತ್ತೆ, ಕೊಟ್ಟಿಗೆಗೆ ಹಾಕುವ ಮಟ್ಟಕ್ಕೆ ಬಂದ ಮೇಲೆ ದಾನಕ್ಕೆ ಹೊರಡುವ ಅಭ್ಯಾಸ ನಮ್ಮ ಕಡೆ ಕೆಲವರಿಗಿದೆ. ನೀವು ಹಾಗಲ್ಲ ಅಂದುಕೊಳ್ಳುತ್ತೇನೆ.

ಪ್ರಶ್ನೆ: ಯಾವಾಗ ನೋಡಿದರೂ ತರಕಾರಿ. ಕಾರವಾರದ ತಾಜಾ ಆಹಾರ ಅಂದರೆ ಮೀನು. ಶಾಲೆ ಊಟದಲ್ಲಿ ಬಾಂಗಡೆ ಯಾಕಿಲ್ಲ?
ಕಾಲೇಜು ಹುಡುಗ, ಕಾರವಾರ

ಉತ್ತರ: ಕೇಳುವುದರಲ್ಲಿ ತಪ್ಪಿಲ್ಲ ತಮ್ಮಾ. ಆದರೆ ಐಸ್ ಇಲ್ಲದ ಶಾಲೆಯಲ್ಲಿ, ನಮ್ಮ ಸೆಕೆಯಲ್ಲಿ, ಇನ್ನೂರು ಮಕ್ಕಳ ಬಾಂಗಡೆ ಮಧ್ಯಾಹ್ನದವರೆಗೆ ಕಾಯುವುದಿಲ್ಲ. ಮುಳ್ಳು ಬಿಡಿಸಿಕೊಡಲು ಒಂದನೇ ತರಗತಿಗೆ ಯಾರನ್ನು ಕೂರಿಸೋಣ? ಅದೂ ಅಲ್ಲದೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಶಾಲೆ ಶುರುವಾಗುವುದೂ ಆಗಲೇ. ಸದ್ಯಕ್ಕೆ ಮೊಟ್ಟೆ ಇದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ 2024ರಲ್ಲಿ ಅದನ್ನು ವಾರಕ್ಕೆ ಆರು ದಿನಕ್ಕೆ ಏರಿಸಿದರು. ತಿನ್ನದವರಿಗೆ ಬಾಳೆಹಣ್ಣು. ಮೊದಲು ಚಿಕ್ಕಿಯೂ ಇತ್ತು. ಬಾಂಗಡೆ ಅಮ್ಮನ ಕೈಯಲ್ಲೇ ರುಚಿ, ರಾತ್ರಿವರೆಗೆ ಕಾಯಿ.