ನಾನು ತೆಳ್ಳಗಿದ್ದೇನೆ, ನನಗೂ ವ್ಯಾಯಾಮ, ಊಟದ ಹಿಡಿತ ಯಾಕೆ ಬೇಕು?

ನಿಮ್ಮ ಪ್ರಶ್ನೆ ಓದಿದೆ. ವಯಸ್ಸು 31, ತೂಕ 64 ಕೆ.ಜಿ., ಜಯನಗರದಲ್ಲಿ ಮನೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ಮಾಡುವ ಕೆಲಸ, ಅಪ್ಪನಿಗೆ ಶುಗರ್ ಇದೆ. "ನಾನಂತೂ ತೆಳ್ಳಗಿದ್ದೇನೆ, ಯಾವ ತೊಂದರೆಯೂ ಇಲ್ಲ. ಇದೆಲ್ಲ ದಪ್ಪಗಿರುವವರಿಗೆ ತಾನೆ? ಎಲ್ಲರೂ ಯಾಕೆ ಮಾಡಬೇಕು?" ಅಂತ ಕೇಳಿದ್ದೀರಿ. ಎಂಟು ವರ್ಷದ ಹಿಂದೆ ನಾನೂ ಇದನ್ನೇ ಹೇಳುತ್ತಿದ್ದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಆಗ ನನಗೆ 39. ತೂಕ 66 ದಾಟಿರಲಿಲ್ಲ. ಮದುವೆ ಮನೆಗೆ ಹೋದರೆ "ನೀನು ಸೊರಗಿದ್ದೀಯ" ಅಂತ ಇನ್ನೊಂದು ಹೋಳಿಗೆ ಹಾಕಿಸುತ್ತಿದ್ದರು. ನನ್ನ ಮೈಗೆ ಏನೂ ಹತ್ತುವುದಿಲ್ಲ ಎಂಬ ಧೈರ್ಯದಲ್ಲಿ ತಿನ್ನುತ್ತಿದ್ದೆ. ಹನುಮಂತನಗರದ ಮನೆಯಿಂದ ಆಫೀಸಿಗೆ ಸ್ಕೂಟರ್, ಅಲ್ಲಿ ಇಡೀ ದಿನ ಕುರ್ಚಿ, ಮನೆಗೆ ಬಂದರೆ ಮತ್ತೆ ಕೂರುವುದೇ.

ಒಂದು ಸಲ ಆಫೀಸಿನಲ್ಲಿ ಎಲ್ಲರ ರಕ್ತ ಪರೀಕ್ಷೆ ಆಯಿತು. ಸುಮಾರು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ನನಗೆ 6.2 ಬಂತು. 5.7ಕ್ಕಿಂತ ಕಡಿಮೆ ಇದ್ದರೆ ಸರಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ರಿಪೋರ್ಟ್ ಅದಲುಬದಲಾಗಿರಬೇಕು ಅಂದುಕೊಂಡು ಬೇರೆ ಕಡೆ ಮತ್ತೆ ಮಾಡಿಸಿದೆ. 6.3 ಬಂತು. ಆ ಸಂಜೆ ತುಂಬ ಹೆದರಿದ್ದೆ. ಮಗಳಿಗೆ ಆಗ ಆರು ವರ್ಷ.

ಡಾಕ್ಟರ್ ನನ್ನ ತೂಕ ನೋಡಲೇ ಇಲ್ಲ, ಟೇಪ್ ತೆಗೆದುಕೊಂಡು ಹೊಟ್ಟೆಯ ಸುತ್ತಳತೆ ತೆಗೆದರು. 93 ಸೆಂಟಿಮೀಟರ್. ನಮ್ಮ ದೇಶದವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಮೀರಬಾರದು. "ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಇಂಥವರು ದಿನಾ ಬರ್ತಾರೆ" ಅಂದರು. ನೀವೂ ಇವತ್ತೇ ಒಂದು ಟೇಪ್ ಹಿಡಿದು ನೋಡಿಕೊಳ್ಳಿ.

ತೂಕ ಸರಿ ಇದ್ದರೂ ಒಳಗೆ ಸರಿ ಇಲ್ಲದಿರಬಹುದು ಅನ್ನುವುದಕ್ಕೆ ಹೆಸರಾದ ಒಂದು ಉದಾಹರಣೆ ಇದೆ. 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೊ ಬಂತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಲೆಕ್ಕ ಹಾಕುವ ಬಿಎಂಐ ಇಬ್ಬರದೂ 22.3. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಯುಡ್ಕಿನ್ ಮ್ಯಾರಥಾನ್ ಓಡುವವರು, ಅದು ಒಂದು ಕಾರಣ. ಆದರೆ ಅಷ್ಟೇ ಅಲ್ಲ. ಒಂದೇ ಬಿಎಂಐ ಇದ್ದರೂ ನಮ್ಮವರಲ್ಲಿ ಸಾಮಾನ್ಯವಾಗಿ ಕೊಬ್ಬು ಜಾಸ್ತಿ, ಮಾಂಸಖಂಡ ಕಡಿಮೆ. ಅದರಲ್ಲೂ ಹೊಟ್ಟೆಯೊಳಗೆ ಸೇರುವ ಕೊಬ್ಬು ಜಾಸ್ತಿ.

ಈ ಮಾಂಸಖಂಡದ ವಿಷಯವೇ ನನ್ನ ಕಣ್ಣು ತೆರೆಸಿದ್ದು. ನಾವು ತಿಂದ ಅನ್ನ, ಇಡ್ಲಿ, ಚಪಾತಿ ಕೊನೆಗೆ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ. ಅದನ್ನು ತುಂಬಿಡುವ ದೊಡ್ಡ ಕಣಜ ನಮ್ಮ ಮಾಂಸಖಂಡ, ಅದರಲ್ಲೂ ತೊಡೆಯದು. ಕಣಜ ಸಣ್ಣದಿದ್ದರೆ, ಅಥವಾ ಖರ್ಚೇ ಇಲ್ಲದೆ ತುಂಬಿಕೊಂಡೇ ಇದ್ದರೆ, ಹೊಸದಾಗಿ ಬಂದದ್ದನ್ನು ಎಲ್ಲಿಡುವುದು? ರಕ್ತದಲ್ಲೇ ಸುತ್ತುತ್ತದೆ. ಮಿಕ್ಕಿದ್ದನ್ನು ಲಿವರ್ ಕೊಬ್ಬು ಮಾಡುತ್ತದೆ. ಸುಮ್ನೆ ಕೂತಿದ್ದಾಗ ಮಾಂಸಖಂಡ ಸಕ್ಕರೆ ಒಳಗೆ ಬಿಟ್ಟುಕೊಳ್ಳಲು ಇನ್ಸುಲಿನ್ ಬೇಕು. ಕೆಲಸ ಮಾಡುವಾಗ ಇನ್ಸುಲಿನ್‌ಗೆ ಕಾಯದೆ ತಾನೇ ಎಳೆದುಕೊಳ್ಳುತ್ತದೆ. ಊಟ ಆದ ಮೇಲೆ ಹದಿನೈದು ನಿಮಿಷ ನಡೆದರೆ ಶುಗರ್ ಅಷ್ಟು ಏರದಿರುವುದು ಇದಕ್ಕೇ. ನಡೆದ ಮೇಲೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಗುಣ ಒಂದೆರಡು ದಿನ ಉಳಿಯುತ್ತದೆ, ಆಮೇಲೆ ಇಳಿದುಹೋಗುತ್ತದೆ. ಹಾಗಾಗಿ ಭಾನುವಾರ ಒಂದು ದಿನ ಕಬ್ಬನ್ ಪಾರ್ಕ್ ಸುತ್ತಿ ಬಂದು ವಾರವಿಡೀ ಕೂತರೆ ಸಾಲದು. ಮಾಡಿದ್ದು ವ್ಯರ್ಥ ಅಂತಲ್ಲ, ಆದರೆ ಬುಧವಾರದ ಊಟಕ್ಕೆ ಭಾನುವಾರದ ನಡಿಗೆ ಬರುವುದಿಲ್ಲ.

ಇನ್ನು ಹೃದಯದ ವಿಷಯ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್ ಮತ್ತು ಕಂಡಕ್ಟರ್‌ಗಳನ್ನು ಹೋಲಿಸಿದರು. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಥರದ ಜನ. ಡ್ರೈವರ್ ಕೂತೇ ಇರುತ್ತಾನೆ, ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಗಣನೀಯವಾಗಿ ಕಡಿಮೆ ಇತ್ತು. ಹಾಗಾದರೆ ಡ್ರೈವರ್‌ಗಳು ದಪ್ಪಗಿದ್ದದ್ದೇ ಕಾರಣವೇ? ಅದನ್ನೂ ನೋಡಿದರು, ಯೂನಿಫಾರಂ ಪ್ಯಾಂಟುಗಳ ಸೊಂಟದ ಅಳತೆ ಹಿಡಿದು. ಒಂದೇ ಸೊಂಟದವರನ್ನು ಹೋಲಿಸಿದರೂ ಕಂಡಕ್ಟರ್‌ಗಳೇ ಮೇಲು. ತೆಳ್ಳಗಿದ್ದು ಕೂತವನಿಗೆ ತೆಳ್ಳಗಿರುವುದೇ ಕಾವಲಾಗಲಿಲ್ಲ. ಬಿಎಂಟಿಸಿ ಬಸ್ಸಿನಲ್ಲಿ ರಶ್ಶಿನ ನಡುವೆ ಮುಂದಕ್ಕೂ ಹಿಂದಕ್ಕೂ ಓಡಾಡುವ ಕಂಡಕ್ಟರ್‌ಗಳನ್ನು ನೋಡಿದಾಗ ಈಗಲೂ ನನಗೆ ಇದು ನೆನಪಾಗುತ್ತದೆ.

ನಮ್ಮ ಪಕ್ಕದ ಚೆನ್ನೈನಲ್ಲೇ ನಡೆದ ಇನ್ನೊಂದು ಅಧ್ಯಯನ ಇದೆ, 2006ರಲ್ಲಿ ಪ್ರಕಟವಾಯಿತು. ಡಾ. ಎ. ರಾಮಚಂದ್ರನ್ ಮತ್ತು ತಂಡದವರದು. ನನ್ನ ಹಾಗೆ ಶುಗರ್‌ನ ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿದರು. ವಿಶೇಷವಾಗಿ ಏನೂ ಮಾಡದವರಲ್ಲಿ ಶೇ. 55 ಜನರಿಗೆ ಸಕ್ಕರೆ ಕಾಯಿಲೆ ಬಂತು. ದಿನಾ ನಡೆದು ಊಟ ತಿದ್ದಿಕೊಂಡವರಲ್ಲಿ ಶೇ. 39. ಈ ಎರಡನೇ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ. ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಲಿಲ್ಲ.

ಊಟದ ಮಾತಿಗೆ ಬರುತ್ತೇನೆ. ನನ್ನ ತಟ್ಟೆಯಲ್ಲಿ ತಪ್ಪು ಇದ್ದದ್ದು ಎಣ್ಣೆಯಲ್ಲಿ ಅಂತ ನಾನು ನಂಬಿದ್ದೆ. ಬರೆದಿಟ್ಟು ನೋಡಿದಾಗ ಗೊತ್ತಾಯಿತು, ಬೆಳಿಗ್ಗೆ ಚೌಚೌ ಭಾತ್, ಮಧ್ಯಾಹ್ನ ಅನ್ನ, ಸಂಜೆ ಕಾಫಿ ಜೊತೆ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ. ಕಾಳು ಅಂದರೆ ಸಾರಿನ ತಳದಲ್ಲಿ ಸಿಕ್ಕಷ್ಟು. ತರಕಾರಿ ಎರಡು ಚಮಚ ಪಲ್ಯ. ದರ್ಶಿನಿಗೆ ಹೋಗುವುದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ, ಬೆಂಗಳೂರಿನಲ್ಲಿದ್ದು ಅದನ್ನು ಯಾಕೆ ಬಿಡಬೇಕು? ವಾರಕ್ಕೆ ಒಂದು ದಿನ ಮಾಡಿಕೊಂಡೆ. ಮನೆಯ ತಟ್ಟೆಯಲ್ಲಿ ಅರ್ಧದಷ್ಟು ತರಕಾರಿ, ಸೊಪ್ಪು, ಕೋಸಂಬರಿ. ಮೊದಲು ಅದನ್ನೇ ತಿನ್ನುತ್ತೇನೆ, ಆಮೇಲೆ ಅನ್ನ. ಹುರುಳಿಕಾಳು, ಮೊಳಕೆ ಕಾಳಿನ ಸಾರು, ಮೊಸರು, ಮೊಟ್ಟೆ ಜಾಸ್ತಿ ಮಾಡಿದೆವು. ಬಸ್ಸಾರು ಮಾಡಿದ ದಿನ ಸೊಪ್ಪು, ಕಾಳು ಎರಡೂ ಒಟ್ಟಿಗೆ ಬರುತ್ತದೆ. ನಮ್ಮ ಹಿರಿಯರ ಅಡುಗೆಯಲ್ಲಿ ಇದೆಲ್ಲ ಇತ್ತು, ನಾವು ಅನ್ನದ ರಾಶಿ ದೊಡ್ಡದು ಮಾಡಿ ಪಕ್ಕದ್ದನ್ನು ಸಣ್ಣದು ಮಾಡಿದೆವು. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚದ ಒಳಗೆ ಇರಬೇಕು. ಉಪ್ಪಿನಕಾಯಿ, ಹಪ್ಪಳ ಸೇರಿಸಿಯೇ.

ರಾಗಿ ಬಗ್ಗೆ ಒಂದು ಮಾತು ಹೇಳಲೇಬೇಕು. ರಾಗಿ ತಿಂದರೆ ಶುಗರ್ ಬರುವುದಿಲ್ಲ ಅಂತ ತುಂಬ ಜನ ನಂಬಿ ಎರಡು ದೊಡ್ಡ ಮುದ್ದೆ ತಿನ್ನುತ್ತಾರೆ. ರಾಗಿಯಲ್ಲೂ ಪಿಷ್ಟ ಅಕ್ಕಿಗಿಂತ ತುಂಬ ಕಡಿಮೆ ಏನಿಲ್ಲ. ನಾರು ಜಾಸ್ತಿ, 100 ಗ್ರಾಂನಲ್ಲಿ 340 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ಅದು ದೊಡ್ಡ ಗುಣ. ಒಂದು ಮುದ್ದೆ, ಜೊತೆಗೆ ಧಾರಾಳವಾಗಿ ಸೊಪ್ಪು ಕಾಳು, ಹಾಗೆ ತಿನ್ನಿ. ನುಣ್ಣಗೆ ಬೀಸಿದ ಹಿಟ್ಟಿನ ಮಾಲ್ಟ್‌ಗೆ ಬೆಲ್ಲ ಹಾಕಿ ಕುಡಿದರೆ ಅದು ಬೇರೆಯೇ ಲೆಕ್ಕ.

"ಎಲ್ಲರೂ ಯಾಕೆ" ಅಂದಿರಲ್ಲ, ನಮ್ಮ ಅಮ್ಮನ ಕಥೆ ಹೇಳುತ್ತೇನೆ. ಅವರಿಗೆ 73. ಶುಗರ್ ಇಲ್ಲ, ತೂಕವೂ ಇಲ್ಲ. ಆದರೆ ಕುರ್ಚಿಯಿಂದ ಏಳಲು ಕೈ ಊರಬೇಕಿತ್ತು. ನೆಲದ ಮೇಲೆ ಕೂರುವುದನ್ನೇ ಬಿಟ್ಟಿದ್ದರು. ನಾವು ಅದನ್ನು ವಯಸ್ಸು ಅಂದುಕೊಂಡೆವು. ನಿಜವಾಗಿ ತೊಡೆಯ ಶಕ್ತಿ ಹೋಗಿತ್ತು. ಮೂವತ್ತು ದಾಟಿದ ಮೇಲೆ ಮಾಂಸಖಂಡ ನಿಧಾನವಾಗಿ ಕರಗುತ್ತಾ ಬರುತ್ತದೆ, ಅರವತ್ತರ ನಂತರ ಜೋರಾಗುತ್ತದೆ. ಫಿಸಿಯೋಥೆರಪಿಸ್ಟ್ ಹೇಳಿದಂತೆ ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಲ್ಲಿ ಕೂತು ಏಳುವುದು ಹತ್ತು ಸಲ, ದಿನಕ್ಕೆ ಎರಡು ಬಾರಿ. ಐದು ತಿಂಗಳ ನಂತರ ಗೌರಿ ಹಬ್ಬದ ದಿನ ಚಾಪೆ ಮೇಲೆ ಕೂತು ಪೂಜೆ ಮಾಡಿ, ಯಾರ ಕೈಯನ್ನೂ ಹಿಡಿಯದೆ ಎದ್ದರು. ನನ್ನ ರಿಪೋರ್ಟ್ ಸರಿಯಾದಾಗಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ನನ್ನದು ಹತ್ತು ತಿಂಗಳಿಗೆ 5.6ಕ್ಕೆ ಇಳಿಯಿತು. ಕಡಿಮೆಯಾದ ತೂಕ ಒಂದೂವರೆ ಕೆ.ಜಿ. ಅಷ್ಟೇ. ಹೊಟ್ಟೆ ಮಾತ್ರ 93ರಿಂದ 87ಕ್ಕೆ ಬಂತು.

ಎಷ್ಟು ಮಾಡಬೇಕು ಅಂದರೆ, ವಾರಕ್ಕೆ 150ರಿಂದ 300 ನಿಮಿಷ ಚುರುಕಿನ ನಡಿಗೆ ಅಥವಾ ಅದಕ್ಕೆ ಸಮನಾದದ್ದು, ಜೊತೆಗೆ ಎರಡು ದಿನ ಮಾಂಸಖಂಡ ಗಟ್ಟಿ ಮಾಡುವ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಇದು. ನಡುವೆ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ ಸಾಕು. ಜಿಮ್ ಬೇಕೇ ಬೇಕು ಅಂತಿಲ್ಲ. ಬಸ್ಕಿ, ಗೋಡೆಗೆ ದಂಡ ಹೊಡೆಯುವುದರಿಂದ ನಾನು ಶುರು ಮಾಡಿದೆ. ನಿಮಗೆ ಈಗ ಆರ್.ವಿ. ರಸ್ತೆಯಿಂದ ಹಳದಿ ಮಾರ್ಗದ ಮೆಟ್ರೊ ಇದೆ. ಬೈಕ್ ಬಿಟ್ಟು ಸ್ಟೇಷನ್‌ವರೆಗೆ ನಡೆದು, ಎಸ್ಕಲೇಟರ್ ಬದಲು ಮೆಟ್ಟಿಲು ಹತ್ತಿದರೆ ದಿನದ ಅರ್ಧ ಪಾಲು ಅಲ್ಲೇ ಆಗಿಹೋಗುತ್ತದೆ. ಅಪ್ಪನಿಗೆ ಶುಗರ್ ಇರುವುದರಿಂದ ನಿಮಗೆ ಬರುವ ಸಾಧ್ಯತೆ ಜಾಸ್ತಿ. ಒಮ್ಮೆ ಎಚ್‌ಬಿಎ1ಸಿ ಮಾಡಿಸಿ.

ರಾತ್ರಿ ಊಟ ಆದ ಮೇಲೆ ಬೀದಿಯಲ್ಲಿ ಒಂದು ಸುತ್ತು ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ. ಅವರು ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲು ಅವರ ಡಾಕ್ಟರನ್ನು ಒಂದು ಮಾತು ಕೇಳಿ, ನಡೆಯುವಾಗ ಶುಗರ್ ತೀರಾ ಇಳಿಯಬಹುದು. ನಿಮ್ಮ ಜೇಬಿನಲ್ಲಿ ಒಂದೆರಡು ಗ್ಲೂಕೋಸ್ ಮಾತ್ರೆ ಇಟ್ಟುಕೊಳ್ಳಿ. ಅವರ ಕಾಲಿಗೆ ಚಪ್ಪಲಿ ಬೇಡ, ಬೆರಳು ಒತ್ತದಂಥ ಶೂ ಹಾಕಿಸಿ.